ಜಗಲಿ ಮಾತು: ಹತ್ತನೆಯವರು ಬರುವ ತನಕ

ಮಕ್ಕಳೇ, ಮೊನ್ನೆ ಶನಿವಾರ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ. ನನ್ನ ಮೊಮ್ಮಗಳು ಪುಟ್ಟಿ ಶಾಲೆಯ ಕಬಡ್ಡಿ ತಂಡದ ನಾಯಕಿ. ಅಂಕಣಕ್ಕೆ ಇಳಿಯಲು ಏಳು ಜನ ಬೇಕು, ಅವತ್ತು ಬಂದವರು ಆರೇ ಜನ. ಒಬ್ಬಳು ಹೇಳದೆ ಕೇಳದೆ ಕೈಕೊಟ್ಟಿದ್ದಳಂತೆ. ಪುಟ್ಟಿ ಚೀಲವನ್ನು ಮೂಲೆಗೆ ಎಸೆದು, "ಅಜ್ಜ, ಅವಳನ್ನು ತಂಡದಿಂದಲೇ ತೆಗೆದುಹಾಕುತ್ತೇನೆ. ಅವಳ ಜೊತೆ ಮಾತೂ ಬಿಟ್ಟೆ" ಎಂದಳು. ಅವಳ ಮುಖ ನೋಡುತ್ತಿದ್ದ ಹಾಗೆ ನನಗೆ ಐವತ್ತು ವರ್ಷಕ್ಕೂ ಹಿಂದಿನ ಇನ್ನೊಂದು ಶನಿವಾರ ನೆನಪಾಯಿತು. ಆವತ್ತು ಹೀಗೇ ಚೀಲ ಎಸೆದವನು ನಾನು.

ನನ್ನ ಅಪ್ಪ ಆಗ ಮುಂಬಯಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದರು. ನಾವು ಇದ್ದದ್ದು ಡೋಂಗ್ರಿ ಕಡೆಯ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ. ಒಂದು ಕೋಣೆ, ಮುಂದೆ ಉದ್ದಕ್ಕೆ ಗ್ಯಾಲರಿ, ಗ್ಯಾಲರಿಯ ಕೊನೆಗೆ ನಲ್ಲಿ. ಪಕ್ಕದ ಕೋಣೆಯವರು ಮರಾಠಿ ಮಾತನಾಡುತ್ತಿದ್ದರು, ಮೀನು ಸಾರು ಮಾಡುತ್ತಿದ್ದರು, ಆ ಮನೆಯ ಕಾಕಿ ಹಸಿರು ಬಳೆ ತೊಟ್ಟು ಸೀರೆ ಉಡುತ್ತಿದ್ದರು. ಕೊಂಕಣದ ಕಡೆಯ ಎಲ್ಲರ ಹಾಗೆಯೇ ಅಂದುಕೊಳ್ಳಿ. ಆದರೆ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಆ ಮನೆಯಲ್ಲಿ ದೀಪ ಹಚ್ಚಿ, ಒಲೆ ಆರಿಸಿ, ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಳ್ಳುತ್ತಿದ್ದರು. ಶನಿವಾರ ಸೂರ್ಯ ಮುಳುಗುವವರೆಗೆ ಯಾವ ಕೆಲಸವೂ ಇಲ್ಲ. ಅವರು ಯಹೂದಿಗಳು, ಬೆನೆ ಇಸ್ರೇಲ್ ಎಂಬ ಪಂಗಡದವರು.

ಇವರ ಹಿರಿಯರು ಬಂದ ಹಡಗು ಕೊಂಕಣದ ನವಗಾಂವ್ ಹತ್ತಿರ ಒಡೆದು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ದಡ ಸೇರಿದರು ಎಂಬುದು ಅವರಲ್ಲಿ ನಡೆದು ಬಂದ ಕಥೆ. ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುವ ಕಸುಬು ಹಿಡಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಇಟ್ಟ ಹೆಸರು 'ಶನಿವಾರ ತೇಲಿ', ಅಂದರೆ ಶನಿವಾರ ಬಿಡುವು ಮಾಡುವ ಎಣ್ಣೆಗಾರರು. ನೆಲೆ ನಿಂತ ಊರಿನ ಹೆಸರಿಗೆ 'ಕರ್' ಸೇರಿಸಿ ಅಡ್ಡಹೆಸರು ಮಾಡಿಕೊಂಡರು. ಪೆಣ್ ಊರಿನವರು ಪೆಣಕರ್, ದಿವೆ ಊರಿನವರು ದಿವೇಕರ್. ಮನೆಯಲ್ಲಿ ಶುಭಕಾರ್ಯ ಆದರೆ ಎಲಿಯಾ ಪ್ರವಾದಿಯನ್ನು ನೆನೆದು 'ಮಲಿದಾ' ಮಾಡುತ್ತಾರೆ. ಅವಲಕ್ಕಿ, ತೆಂಗಿನಕಾಯಿ ತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣುಗಳು. ನಮ್ಮಮ್ಮ ಮೊದಲ ಸಲ ಅದನ್ನು ತಿಂದು, "ಇದು ನಮ್ಮ ಸಿಹಿ ಅವಲಕ್ಕಿಯೇ ಅಲ್ಲವೇ!" ಎಂದು ಅಚ್ಚರಿಪಟ್ಟಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಮನೆಯ ಹುಡುಗ ನನ್ನ ಓರಗೆಯವನು, ನಮ್ಮ ಚಾಳಿನ ಕ್ರಿಕೆಟ್ ತಂಡದ ವಿಕೆಟ್ ಕೀಪರ್. 1968ರ ನವರಾತ್ರಿ ರಜೆಯಲ್ಲಿ ಅವನಿಗೆ ಹದಿಮೂರು ತುಂಬಿತು. ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಪಕ್ಕದ ಓಣಿಯವರ ಜೊತೆ ನಮ್ಮ ಪಂದ್ಯ. ಬೆಳಿಗ್ಗೆ ನೋಡಿದರೆ ಇವನು ಬಿಳಿ ಅಂಗಿ ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದಾನೆ.

"ಎಲ್ಲಿಗೆ? ನೀನು ಬರದಿದ್ದರೆ ನಾವು ಹತ್ತೇ ಜನ" ಎಂದೆ.

"ನಾನು ಹೋಗದಿದ್ದರೆ ಅಲ್ಲಿ ಒಂಬತ್ತೇ ಜನ" ಎಂದ.

ಹತ್ತು ಜನ ಸೇರದಿದ್ದರೆ ಸಿನಗಾಗಿನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಪ್ರಾರ್ಥನೆ ಪೂರ್ತಿಯಾಗಿ ನಡೆಯುವುದಿಲ್ಲ ಎಂದು ಅವನು ಹೇಳಲು ನೋಡಿದ. ನನಗೆ ಎಲ್ಲಿಲ್ಲದ ಸಿಟ್ಟು. ಇಡೀ ತಂಡ ಕೆಳಗೆ ನಿಂತು ಕೇಳುತ್ತಿದೆ ಎಂಬ ಹುಮ್ಮಸ್ಸು ಬೇರೆ. "ನಿಮ್ಮ ದೇವರಿಗೆ ಒಂಬತ್ತು ಜನ ಕೂಗಿದರೆ ಕೇಳಿಸುವುದಿಲ್ಲವಾ? ಕಿವುಡನಾ?" ಎಂದುಬಿಟ್ಟೆ. ಹುಡುಗರು ಹೋ ಎಂದು ನಕ್ಕರು. ಅವನು ಏನೂ ಹೇಳದೆ ಹೊರಟುಹೋದ. ನಾವು ಪಂದ್ಯ ಸೋತೆವು. ಸೋತದ್ದಕ್ಕೂ ಅವನೇ ಕಾರಣ ಎಂದು ಎಲ್ಲರ ಬಾಯಲ್ಲೂ ಹೇಳಿಸಿದೆ.

ನನ್ನ ಮಾತನ್ನು ಗ್ಯಾಲರಿಯಲ್ಲಿ ನಿಂತಿದ್ದ ಅವನ ಅಜ್ಜನೂ ಕೇಳಿಸಿಕೊಂಡಿದ್ದರು. ನಾವೆಲ್ಲ ಅವರನ್ನು ಆಜೋಬಾ ಎಂದೇ ಕರೆಯುತ್ತಿದ್ದೆವು. ಸಂಜೆ ನಾನು ಚೀಲ ಎಸೆದು ಗೋಡೆಗೆ ಒರಗಿ ಕೂತಿದ್ದಾಗ ಅವರು ಬಂದು ಪಕ್ಕದಲ್ಲಿ ಕೂತರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಬಾಳಾ, ಒಬ್ಬನೇ ಕೂಗಿದರೂ ದೇವರಿಗೆ ಕೇಳುತ್ತದೆ" ಎಂದರು ಆಜೋಬಾ. "ದಿನಾ ಮನೆಯಲ್ಲಿ ಒಬ್ಬೊಬ್ಬರೇ ಕೇಳಿಕೊಳ್ಳುತ್ತೇವಲ್ಲ. ಆದರೆ ತೋರಾ ಸುರುಳಿಯನ್ನು ಹೊರಗೆ ತೆಗೆದು ಸಭೆಯಲ್ಲಿ ಓದಬೇಕಾದರೆ ಹತ್ತು ಜನ ಬೇಕು. ತೀರಿಹೋದವರಿಗಾಗಿ ಮಗ ಹೇಳುವ ಪ್ರಾರ್ಥನೆ ಒಂದಿದೆ, ಕದ್ದಿಶ್ ಎಂದು. ಅದಕ್ಕೂ ಹತ್ತು ಜನ ಬೇಕು. ಇವತ್ತು ಅಲ್ಲಿ ಒಬ್ಬ ಕೂತಿದ್ದ. ಅವನ ತಾಯಿ ಹೋಗಿ ತಿಂಗಳಾಗಿಲ್ಲ. ನಾವು ಒಂಬತ್ತು ಜನ ಆಗಿದ್ದೆವು. ಅವನು ಬಾಗಿಲನ್ನೇ ನೋಡುತ್ತಿದ್ದ. ಆಗ ನಿನ್ನ ಗೆಳೆಯ ಓಡಿಕೊಂಡು ಬಂದ."

ನಾನು ತಲೆ ತಗ್ಗಿಸಿದೆ. ಆಜೋಬಾ ಆ ಮಾತನ್ನು ಅಲ್ಲಿಗೇ ಬಿಟ್ಟು, "ಈ ವಾರದ ಕಥೆ ಕೇಳುತ್ತೀಯಾ?" ಎಂದರು.

ಈ 'ವಾರದ ಕಥೆ' ಎಂದರೇನು ಎಂದು ನಿಮಗೆ ಹೇಳಬೇಕು. ತೋರಾ ಎಂದರೆ ಮೋಶೆಯ ಐದು ಪುಸ್ತಕಗಳು. ಅದನ್ನು 54 ಭಾಗ ಮಾಡಿ, ವಾರಕ್ಕೆ ಒಂದರಂತೆ ಶನಿವಾರ ಬೆಳಿಗ್ಗೆ ಓದುತ್ತಾರೆ. ಎರಡು ಮೂರು ಶತಮಾನದ ಹಿಂದೆಯೂ ಹೀಗೇ, ಇವತ್ತೂ ಹೀಗೇ. ಮುಂಬಯಿಯಲ್ಲಿ ಓದುವ ಭಾಗವನ್ನೇ ನ್ಯೂಯಾರ್ಕಿನಲ್ಲೂ ಓದುತ್ತಾರೆ. ವರ್ಷದ ಕೊನೆಗೆ ಒಂದು ಹಬ್ಬ. ಅಂದು ಕೊನೆಯ ಸಾಲು ಮುಗಿಸಿ, ಕೂಡಲೇ ಮತ್ತೆ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಮುಗಿಯಿತು ಎಂದು ಪುಸ್ತಕ ಮುಚ್ಚಿಡುವ ದಿನವೇ ಇಲ್ಲ! ಲೆಕ್ಕ ಚುರುಕಾಗಿರುವ ಮಕ್ಕಳು ಕೇಳಬಹುದು: ವರ್ಷಕ್ಕೆ ಅಷ್ಟು ಶನಿವಾರಗಳು ಎಲ್ಲಿವೆ? ಅವರದೂ ನಮ್ಮ ಹಾಗೆ ಚಂದ್ರನನ್ನು ನೋಡಿ ಮಾಡಿದ ಪಂಚಾಂಗ. 19 ವರ್ಷಗಳಲ್ಲಿ 7 ಸಲ ಅಧಿಕ ಮಾಸ ಬರುತ್ತದೆ. ಅಧಿಕ ಮಾಸ ಇಲ್ಲದ ವರ್ಷ ಕೆಲವು ಭಾಗಗಳನ್ನು ಜೋಡಿಸಿ ಒಂದೇ ವಾರ ಓದಿ ಸರಿದೂಗಿಸುತ್ತಾರೆ.

ಆ ವಾರದ ಭಾಗದಲ್ಲಿ ಇದ್ದದ್ದು ಅಬ್ರಹಾಮನ ಕಥೆ. ಉರಿ ಬಿಸಿಲಿನಲ್ಲಿ ಡೇರೆಯ ಬಾಗಿಲಲ್ಲಿ ಕೂತಿದ್ದ ಅಬ್ರಹಾಮ, ದೂರದಲ್ಲಿ ಮೂವರು ದಾರಿಹೋಕರನ್ನು ಕಂಡ. ವಯಸ್ಸಾದವನಾದರೂ ಎದ್ದು ಓಡಿಹೋಗಿ ಅವರನ್ನು ಕರೆತಂದ. ಒಂದು ತುತ್ತು ರೊಟ್ಟಿ ತಿಂದು ಹೋಗಿ ಎಂದು ಕರೆದವನು, ಕೂರಿಸಿ ಬಡಿಸಿದ್ದು ದೊಡ್ಡ ಊಟ. (ನಿಮ್ಮ ಅಜ್ಜಿ 'ಬರೀ ಕಾಫಿ ಕುಡಿದು ಹೋಗಿ' ಎಂದು ಕರೆಯುವುದಿಲ್ಲವೇ, ಹಾಗೆ.) ಆ ಅತಿಥಿಗಳು ಹೋದ ಮೇಲೆ ಅವನಿಗೆ ಒಂದು ಸುದ್ದಿ ತಿಳಿಯಿತು. ಸೊದೋಮ್ ಎಂಬ ಊರಿನ ಪಾಪ ಮಿತಿಮೀರಿದೆ, ದೇವರು ಅದನ್ನು ನಾಶ ಮಾಡಲಿದ್ದಾನೆ.

ಅಬ್ರಹಾಮ ಸುಮ್ಮನಿರಲಿಲ್ಲ. ದೇವರ ಎದುರು ನಿಂತು ಚೌಕಾಸಿಗೆ ಇಳಿದ! ಊರಿನಲ್ಲಿ ಐವತ್ತು ಜನ ಒಳ್ಳೆಯವರಿದ್ದರೆ? ಕೆಟ್ಟವರ ಜೊತೆ ಅವರನ್ನೂ ಅಳಿಸುವುದು ನ್ಯಾಯವೇ? ಐವತ್ತು ಜನ ಇದ್ದರೆ ಊರನ್ನು ಉಳಿಸುತ್ತೇನೆ ಎಂದ ದೇವರು. ಐದು ಕಡಿಮೆಯಾಗಿ ನಲವತ್ತೈದು ಆದರೆ? ಆಗಲಿ. ನಲವತ್ತು? ಮೂವತ್ತು? ಇಪ್ಪತ್ತು? ಸಿಟ್ಟಾಗಬೇಡ, ಇದೊಂದೇ ಸಲ, ಹತ್ತು? ಹತ್ತು ಜನ ಇದ್ದರೂ ಉಳಿಸುತ್ತೇನೆ ಎಂದಿತು ದೈವ. ಅಲ್ಲಿಗೆ ಅಬ್ರಹಾಮ ನಿಲ್ಲಿಸಿದ. ಸೊದೋಮಿನಲ್ಲಿ ಆ ಹತ್ತು ಜನ ಸಿಗಲಿಲ್ಲ. ಊರು ಸುಟ್ಟುಹೋಯಿತು. ಅವನ ತಮ್ಮನ ಮಗ ಲೋಟ ಮತ್ತು ಲೋಟನ ಇಬ್ಬರು ಹೆಣ್ಣುಮಕ್ಕಳು ಮಾತ್ರ ಪಾರಾದರು.

"ಎರಡು ವಾರದ ಹಿಂದೆ ನೋಹನ ಕಥೆ ಓದಿದ್ದೆವು" ಎಂದರು ಆಜೋಬಾ. ಪ್ರಳಯ ಬರುತ್ತದೆ, ದೊಡ್ಡ ನಾವೆ ಕಟ್ಟು ಎಂದು ದೇವರು ನೋಹನಿಗೆ ಹೇಳುವ ಕಥೆ. ನಮ್ಮ ಮತ್ಸ್ಯಾವತಾರದಲ್ಲಿ ಮನುವಿಗೆ ಮೀನು ಹೇಳಿದ ಹಾಗೆ. ನೋಹ ತನ್ನ ತಲೆಮಾರಿನಲ್ಲಿ ಒಳ್ಳೆಯವನಾಗಿದ್ದ ಎನ್ನುತ್ತದೆ ಗ್ರಂಥ. ಈ 'ತನ್ನ ತಲೆಮಾರಿನಲ್ಲಿ' ಎಂಬ ಒಂದು ಮಾತನ್ನು ಹಿಡಿದು ಯಹೂದಿ ಪಂಡಿತರು ನೂರಾರು ವರ್ಷ ಜಗಳವಾಡಿದ್ದಾರೆ. ಹನ್ನೊಂದನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ದೊಡ್ಡ ವ್ಯಾಖ್ಯಾನಕಾರರು ಎರಡು ಪಕ್ಷವನ್ನೂ ಬರೆದಿಟ್ಟರು. ಅಂಥ ಕೆಟ್ಟ ಜನರ ನಡುವೆಯೂ ಒಳ್ಳೆಯವನಾಗಿದ್ದನಲ್ಲ, ಒಳ್ಳೆಯವರ ನಡುವೆ ಇದ್ದಿದ್ದರೆ ಇನ್ನೆಷ್ಟು ಒಳ್ಳೆಯವನಾಗುತ್ತಿದ್ದ ಎಂದು ಕೆಲವರು. ಅಬ್ರಹಾಮನ ಕಾಲದಲ್ಲಿ ಇದ್ದಿದ್ದರೆ ಅವನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಇನ್ನು ಕೆಲವರು. ನೋಹ ಹೇಳಿದ ಅಳತೆಗೆ ನಾವೆ ಕಟ್ಟಿದ, ತನ್ನ ಮನೆಯವರನ್ನು ಹತ್ತಿಸಿಕೊಂಡ. ಉಳಿದ ಜನರಿಗಾಗಿ ಅವನು ದೇವರ ಹತ್ತಿರ ಒಂದು ಮಾತೂ ಕೇಳಿದ್ದು ಆ ಕಥೆಯಲ್ಲಿಲ್ಲ.

ನನಗೇನೋ ನೋಹನ ಮೇಲೆ ಸ್ವಲ್ಪ ಕನಿಕರವೇ. ಅಷ್ಟು ದೊಡ್ಡ ನಾವೆ ಕಟ್ಟಿ, ಅಷ್ಟೊಂದು ಪ್ರಾಣಿಗಳಿಗೆ ದಿನಾ ಮೇವು ಹಾಕಿದವನಿಗೆ 'ನೀನು ವಾದ ಮಾಡಲಿಲ್ಲ' ಎನ್ನುವುದು ಹೇಗೆ? ಆಜೋಬಾಗೆ ಹೀಗೆಂದಾಗ ಅವರು ನಕ್ಕು, "ಹಾಗಾದರೆ ನೀನೂ ಜಗಳಕ್ಕೆ ಸೇರಿಕೊಂಡೆ. ವಾರದ ಭಾಗ ಓದುವುದು ಎಂದರೆ ಇದೇ" ಎಂದರು.

"ಹಾಗಾದರೆ ಹತ್ತು ಜನ ಬೇಕು ಎಂಬುದು ಸೊದೋಮಿನ ಈ ಕಥೆಯಿಂದ ಬಂದದ್ದಾ?" ಎಂದು ಕೇಳಿದೆ. ಅಲ್ಲವಂತೆ. ಹತ್ತು ಜನರ ಸಭೆಗೆ ಅವರು ಮಿನ್ಯಾನ್ ಎನ್ನುತ್ತಾರೆ. ಅದರ ಮೂಲ ಹೇಳುವಾಗ ಪಂಡಿತರು ತೋರಿಸುವುದು ಬೇರೆಯೇ ಕಥೆಯನ್ನು, ಅದೂ ತಮಾಷೆಯದು. ಮೋಶೆ ಕಾನಾನ್ ನಾಡನ್ನು ನೋಡಿ ಬರಲು ಹನ್ನೆರಡು ಜನ ಗೂಢಚಾರರನ್ನು ಕಳಿಸಿದ. ಇಬ್ಬರು ಹೊತ್ತು ತರುವಷ್ಟು ದೊಡ್ಡ ದ್ರಾಕ್ಷಿ ಗೊಂಚಲು ಅಲ್ಲಿಂದ ಬಂತು. ಆದರೂ ಹತ್ತು ಜನ ಹೆದರಿ ಹೋದರು: ಅಲ್ಲಿನವರು ದೈತ್ಯರು, ಅವರ ಮುಂದೆ ನಾವು ಮಿಡತೆಗಳು ಎಂದು ಬೊಬ್ಬೆ ಹಾಕಿದರು. ಹೋಗೋಣ, ಆಗುತ್ತದೆ ಎಂದವರು ಇಬ್ಬರೇ. ಆ ಹತ್ತು ಜನ ಪುಕ್ಕಲರನ್ನು ಗ್ರಂಥ 'ಸಭೆ' ಎಂದು ಕರೆದಿದೆ. ಆದ್ದರಿಂದ ಸಭೆ ಎಂದರೆ ಹತ್ತು!

"ಒಳ್ಳೆಯವರೇ ಬೇಕು ಎಂದಿದ್ದರೆ ನಮಗೆ ಯಾವತ್ತೂ ಹತ್ತು ಜನ ಸಿಗುತ್ತಿರಲಿಲ್ಲ" ಎಂದು ಆಜೋಬಾ ಕಣ್ಣು ಮಿಟುಕಿಸಿದರು. ಅವರಲ್ಲಿ ಹೇಳುವುದುಂಟು: ಒಂಬತ್ತು ಮಹಾಪಂಡಿತರು ಕೂತರೂ ಮಿನ್ಯಾನ್ ಆಗುವುದಿಲ್ಲ, ಹತ್ತು ಜನ ಚಪ್ಪಲಿ ಹೊಲಿಯುವವರು ಬಂದರೆ ಆಗುತ್ತದೆ ಎಂದು.

ಮುಂದಿನ ವಾರ ನಾನು ಪಂದ್ಯ ಬಿಟ್ಟು ಆಜೋಬಾ ಜೊತೆ ಹೋದೆ. ಶನಿವಾರ ಅವರು ವಾಹನ ಹತ್ತುವುದಿಲ್ಲ, ನಡೆದೇ ಹೋದೆವು. ಸ್ಯಾಮ್ಯುಯಲ್ ಸ್ಟ್ರೀಟಿನಲ್ಲಿರುವ ಆ ಸಿನಗಾಗಿನ ಹೆಸರು ಶಾರ್ ಹಾರಹಮೀಮ್, ಅಂದರೆ ಕರುಣೆಯ ಬಾಗಿಲು. ಜನ ಅದನ್ನು 'ಜೂನಿ ಮಸೀದ್' ಎನ್ನುತ್ತಿದ್ದರು. ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಇದರಿಂದಲೇ ಎನ್ನುತ್ತಾರೆ. ಇದನ್ನು ಕಟ್ಟಿಸಿದ ಕಥೆ ನಮ್ಮ ಶ್ರೀರಂಗಪಟ್ಟಣದವರೆಗೂ ಬರುತ್ತದೆ, ಗೊತ್ತೇ? ಸ್ಯಾಮ್ಯುಯಲ್ ಇಜೆಕಿಯಲ್ ದಿವೇಕರ್ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿ. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆ ಸಿಕ್ಕಿದರು. ಮುಂದಿನದು ಅವರ ಜನರ ಬಾಯಲ್ಲಿ ಉಳಿದಿರುವ ಮಾತು: ನೀವು ಯಾರು ಎಂದು ಕೇಳಿದಾಗ ಅವರು ಬನಿ ಇಸ್ರೇಲ್ ಎಂದರು. ಕುರಾನಿನಲ್ಲಿ ಬರುವ ಆ ಹೆಸರು ಕೇಳಿ ಟಿಪ್ಪುವಿನ ತಾಯಿ, ಇವರನ್ನು ಕೊಲ್ಲಬೇಡ ಎಂದು ಮಗನಿಗೆ ಹೇಳಿದರು. ಜೀವಸಹಿತ ಊರಿಗೆ ಮರಳಿದರೆ ಸಿನಗಾಗ್ ಕಟ್ಟಿಸುತ್ತೇನೆ ಎಂದು ದಿವೇಕರ್ ಹರಕೆ ಹೊತ್ತಿದ್ದರು. 1796ರಲ್ಲಿ ಕಟ್ಟಿಸಿದರು. ಮುಂಬಯಿಯ ಮೊದಲ ಸಿನಗಾಗ್ ಅದು.

ಕಟ್ಟಡವಾಯಿತು, ತೋರಾ ಸುರುಳಿ ಬೇಕಲ್ಲ? ಅದನ್ನು ಅಚ್ಚು ಹಾಕುವಂತಿಲ್ಲ. ಹದ ಮಾಡಿದ ಚರ್ಮದ ಮೇಲೆ ಗರಿಯ ಲೇಖನಿಯಿಂದ ಕೈಯಲ್ಲೇ ಬರೆಯಬೇಕು. ಒಟ್ಟು 3,04,805 ಅಕ್ಷರ. ಒಂದು ಅಕ್ಷರ ಬಿಟ್ಟುಹೋದರೂ, ಮಾಸಿ ಓದಲಾಗದಿದ್ದರೂ ತಿದ್ದುವವರೆಗೆ ಆ ಸುರುಳಿಯಿಂದ ಓದುವುದಿಲ್ಲ. ಒಬ್ಬ ಬರೆಯಲು ಕೂತರೆ ವರ್ಷವೇ ಹಿಡಿಯಬಹುದು. ಆಗ ಸುರುಳಿ ಸಿಗುವ ಊರೆಂದರೆ ಕೊಚ್ಚಿ. ಅಲ್ಲಿ ಹಳೆಯ ಯಹೂದಿ ಕೇರಿ ಇತ್ತು, 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇತ್ತು. ದಿವೇಕರ್ ಸುರುಳಿ ತರಲೆಂದು ಕೊಚ್ಚಿಗೆ ಹೋದರು. ಮರಳಿ ಬರಲಿಲ್ಲ. 1797ರಲ್ಲಿ ಅಲ್ಲೇ ತೀರಿಕೊಂಡರು.

ಆ ಸುರುಳಿಗಳನ್ನಿಟ್ಟ ಕಪಾಟಿನ ಮುಂದೆ ಪರದೆ ಸರಿದಾಗ ಎಲ್ಲರೂ ಎದ್ದು ನಿಂತರು. ನಾನು ಹಿಂದಿನ ಬೆಂಚಿನಲ್ಲಿ ಅಪ್ಪನ ಟೋಪಿ ಹಾಕಿಕೊಂಡು ಕೂತಿದ್ದೆ. ಟೋಪಿ ಮೂಗಿನವರೆಗೆ ಇಳಿಯುತ್ತಿತ್ತು. ಶನಿವಾರ ಬೆಳಿಗ್ಗೆ ಕಡಿಮೆ ಎಂದರೆ ಏಳು ಜನರನ್ನು ಒಬ್ಬೊಬ್ಬರಾಗಿ ಓದಿಗೆ ಕರೆಯುತ್ತಾರೆ. ನನ್ನ ಗೆಳೆಯನ ಸರದಿ ಬಂತು. ಚರ್ಮವನ್ನು ಬೆರಳಿನಿಂದ ಮುಟ್ಟುವಂತಿಲ್ಲ. ತುದಿಯಲ್ಲಿ ಪುಟ್ಟ ಕೈ ಇರುವ ಬೆಳ್ಳಿಯ ಕಡ್ಡಿಯನ್ನು ಸಾಲಿನ ಮೇಲೆ ಹಾಯಿಸುತ್ತಾ ಓದಬೇಕು. ಸುರುಳಿಯಲ್ಲಿ ಸ್ವರದ ಗುರುತಿಲ್ಲ, ಪೂರ್ಣವಿರಾಮವಿಲ್ಲ, ರಾಗದ ಚಿಹ್ನೆಯಿಲ್ಲ. ನಮ್ಮ ಅಕ್ಷರಗಳಿಗೆ ಗುಣಿತವೇ ಇಲ್ಲದೆ 'ಕಮಲ'ವೋ 'ಕೋಮಲ'ವೋ ಎಂದು ಊಹಿಸಿ ಓದಿದ ಹಾಗೆ. ಎಲ್ಲವನ್ನೂ ಮೊದಲೇ ಬಾಯಿಪಾಠ ಮಾಡಿಕೊಂಡಿರಬೇಕು.

ನಡುವೆ ಅವನು ಒಂದು ಕಡೆ ತಪ್ಪಿದ. ಕೂಡಲೇ ನಾಲ್ಕು ಕಡೆಯಿಂದ ಮುದುಕರು ಗಟ್ಟಿಯಾಗಿ ಸರಿಯಾದ ಮಾತನ್ನು ಕೂಗಿದರು. ನನ್ನ ಎದೆ ಧಸಕ್ಕೆಂದಿತು. ಹಿಂದಿನ ಶನಿವಾರ ಮೆಟ್ಟಿಲ ಕೆಳಗೆ ನಾವು ಕೂಗಿದ್ದು ನೆನಪಾಯಿತು. ಅವನು ಓಡಿಹೋಗುತ್ತಾನೆ ಅಂದುಕೊಂಡೆ. ಅವನು ಕಡ್ಡಿಯನ್ನು ಒಂದು ಪದ ಹಿಂದಕ್ಕೆ ಇಟ್ಟು, ಸರಿಯಾಗಿ ಓದಿ ಮುಂದೆ ಹೋದ. ಯಾರೂ ನಗಲಿಲ್ಲ. ಎಷ್ಟು ದೊಡ್ಡವರು ಓದಿದರೂ ಅರ್ಥ ಕೆಡುವ ತಪ್ಪಾದರೆ ಸಭೆ ಹಾಗೆಯೇ ತಿದ್ದುತ್ತದೆ ಎಂದು ಆಜೋಬಾ ಆಮೇಲೆ ಹೇಳಿದರು. ಹಿಂದಿರುಗುವಾಗ ನಾನು ಗೆಳೆಯನ ಹತ್ತಿರ "ಅವತ್ತು ಹಾಗೆ ಹೇಳಬಾರದಿತ್ತು" ಎಂದೆ. "ಹೂಂ, ಹೇಳಬಾರದಿತ್ತು" ಎಂದ. ಸ್ವಲ್ಪ ದೂರ ಹೋದ ಮೇಲೆ, "ಭಾನುವಾರ ಆಡೋಣವಾ?" ಎಂದ.

ಆ ವರ್ಷ ಡಿಸೆಂಬರಿನಲ್ಲಿ ಕೊಚ್ಚಿಯ ಸಿನಗಾಗಿಗೆ 400 ವರ್ಷ ತುಂಬಿತು. ಇಂದಿರಾ ಗಾಂಧಿಯವರು ಆ ಉತ್ಸವಕ್ಕೆ ಹೋಗಿದ್ದರು, ಸರ್ಕಾರ ಅಂಚೆ ಚೀಟಿಯನ್ನೂ ತಂದಿತು. ಆಜೋಬಾ ಒಂದು ಚೀಟಿ ತಂದು ತಮ್ಮ ಪ್ರಾರ್ಥನೆಯ ಪುಸ್ತಕದಲ್ಲಿ ಇಟ್ಟುಕೊಂಡರು. ಆದರೆ ಅಷ್ಟು ಹೊತ್ತಿಗೆ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋಗಿಯಾಗಿತ್ತು. ಬೆನೆ ಇಸ್ರೇಲರೂ ಒಂದೊಂದು ಮನೆಯಾಗಿ ಹೊರಡುತ್ತಿದ್ದರು. ಮರುವರ್ಷ ನಮ್ಮ ಪಕ್ಕದ ಮನೆಯವರೂ ಹೊರಟರು. ಕಾಕಾ, ಕಾಕಿ, ದೊಡ್ಡ ಮಗ, ನನ್ನ ಗೆಳೆಯ. ಆಜೋಬಾ ಮಾತ್ರ ಕಿರಿಯ ಮಗನ ಜೊತೆ ಉಳಿದರು. ಅವರನ್ನೂ ಕರೆದುಕೊಂಡು ಹೋಗಲು ಕಾಕಾ ಬಹಳ ಒತ್ತಾಯ ಮಾಡಿದರಂತೆ. ಆಜೋಬಾ, "ನೀವು ಮೂರು ಜನ ಹೋಗುತ್ತಿದ್ದೀರಿ. ನಾನೂ ಹೊರಟರೆ ನಾಲ್ಕು" ಎಂದಷ್ಟೇ ಹೇಳಿದರು ಎಂದು ಕಾಕಿ ನಮ್ಮಮ್ಮನ ಹತ್ತಿರ ಅತ್ತರು. ಗೆಳೆಯ ದಿಮೋನಾ ಎಂಬ ಊರಿನಿಂದ ಒಂದು ಕಾಗದ ಬರೆದಿದ್ದ. ಮರುಭೂಮಿಯ ನಡುವಿನ ಊರು, ಮುಂಬಯಿಯವರು ಬೇಕಾದಷ್ಟು ಜನ ಇದ್ದಾರೆ, ಕ್ರಿಕೆಟಿಗೆ ಹನ್ನೊಂದು ಜನ ಸುಲಭವಾಗಿ ಸಿಗುತ್ತಾರೆ ಎಂದು.

ಇತ್ತ ಹತ್ತು ಜನ ಸೇರುವುದು ಕಷ್ಟವಾಗುತ್ತಾ ಹೋಯಿತು. ಶನಿವಾರ ಅವರು ಫೋನು ಮುಟ್ಟುವುದಿಲ್ಲ, ಆಗ ಮನೆಗಳಲ್ಲಿ ಫೋನು ಇದ್ದದ್ದೂ ಕಡಿಮೆ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಅವರ ಲೆಕ್ಕಕ್ಕೆ ಸೇರುವವನಲ್ಲ, ಆದರೆ ನನ್ನ ಕಾಲು ಚುರುಕಾಗಿತ್ತು. ಬಾಗಿಲ ಬಳಿ ಕೂತಿರುತ್ತಿದ್ದೆ. ಆಜೋಬಾ ಒಳಗೆ ಎಣಿಸುತ್ತಿದ್ದರು. ಮನುಷ್ಯರನ್ನು ಒಂದು, ಎರಡು ಎಂದು ಎಣಿಸಬಾರದು ಎಂಬ ರೂಢಿ ಅವರದು, ಅದಕ್ಕೆ ಹತ್ತು ಪದಗಳ ಒಂದು ಪ್ರಾರ್ಥನಾ ವಾಕ್ಯವನ್ನು ಒಬ್ಬೊಬ್ಬರಿಗೆ ಒಂದು ಪದದಂತೆ ಹೇಳುತ್ತಾ ಹೋಗುತ್ತಾರೆ. (ಕಣದಲ್ಲಿ ಭತ್ತ ಅಳೆಯುವಾಗ ಒಂದು ಎನ್ನದೆ 'ಲಾಭ' ಎನ್ನುತ್ತಿದ್ದ ನಿಮ್ಮ ಅಜ್ಜಂದಿರನ್ನು ಕೇಳಿ.) ವಾಕ್ಯ ಕೊನೆ ಮುಟ್ಟದೆ ನಿಂತರೆ ಆಜೋಬಾ ನನ್ನ ಕಡೆ ನೋಡುತ್ತಿದ್ದರು. ನಾನು ಓಡುತ್ತಿದ್ದೆ. ಉಮರ್‌ಖಾಡಿಯ ಒಂದು ಚಾಳು, ಎರಡನೇ ಮಾಳಿಗೆ, ಬಾಗಿಲು ತಟ್ಟುವುದು: "ಕಾಕಾ, ಒಬ್ಬರು ಕಡಿಮೆ!" ಕೆಲವರು ಗೊಣಗುತ್ತಾ ಬರುತ್ತಿದ್ದರು, ಕೆಲವರು ಅರ್ಧ ಗಡ್ಡ ಬಾಚಿಕೊಂಡು ಬರುತ್ತಿದ್ದರು. ಆದರೆ ಬರುತ್ತಿದ್ದರು.

ಇಷ್ಟನ್ನೂ ಪುಟ್ಟಿಗೆ ಹೇಳಿದೆ. ಅವಳು ಎಲ್ಲ ಕೇಳಿ, "ಅಜ್ಜ, ಆ ಹತ್ತರಲ್ಲಿ ಕಾಕಿ ಇಲ್ಲವಲ್ಲ. ನಾನು ಆ ಮನೆಯಲ್ಲಿ ಹುಟ್ಟಿದ್ದರೆ ನನ್ನನ್ನು ಎಣಿಸುತ್ತಿದ್ದರಾ?" ಎಂದಳು. ಇಲ್ಲ ಎಂದೆ. ಸುಳ್ಳು ಹೇಳಿ ಏನು ಮಾಡಲಿ? ಹಳೆಯ ಪದ್ಧತಿಯವರು ಹದಿಮೂರು ತುಂಬಿದ ಗಂಡಸರನ್ನು ಮಾತ್ರ ಎಣಿಸುತ್ತಾರೆ. ಹೊಸ ಪದ್ಧತಿಯ ಎಷ್ಟೋ ಸಿನಗಾಗುಗಳಲ್ಲಿ ಹೆಂಗಸರನ್ನೂ ಎಣಿಸುತ್ತಾರೆ, ಹೆಣ್ಣುಮಕ್ಕಳು ನಿಂತು ತೋರಾ ಓದುತ್ತಾರೆ. ಇದರ ಬಗ್ಗೆ ಅವರಲ್ಲಿ ಈಗಲೂ ದೊಡ್ಡ ವಾದ ನಡೆಯುತ್ತಿದೆ. "ನಾನು ಎರಡನೆಯವರ ಕಡೆ" ಎಂದಳು ಪುಟ್ಟಿ. ನಾನೂ ಅದೇ ಕಡೆ ಎಂದೆ. ಆಜೋಬಾ ಇದ್ದಿದ್ದರೆ ನಮ್ಮಿಬ್ಬರ ಜೊತೆ ಸಂಜೆಯವರೆಗೆ ಜಗಳ ಆಡುತ್ತಿದ್ದರು, ಆಮೇಲೆ ಮಲಿದಾ ಕೊಡುತ್ತಿದ್ದರು.

ಪುಟ್ಟಿ ಸ್ವಲ್ಪ ಹೊತ್ತು ಉಗುರು ಕಚ್ಚುತ್ತಾ ಕೂತಿದ್ದು, ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು. ಎಲ್ಲಿಗೆ ಎಂದು ಕೇಳಿದೆ. "ಅವಳು ಯಾಕೆ ಬರಲಿಲ್ಲ ಅಂತ ಕೇಳಿಯೇ ಇಲ್ಲ ಅಜ್ಜ" ಎಂದು ಗೇಟು ದಾಟಿ ಓಡಿದಳು.

ಎಂಟು ನೂರೈವತ್ತು ವರ್ಷಕ್ಕೂ ಹಿಂದೆ ಮಂಗಳೂರಿನಲ್ಲಿ ಅಂಗಡಿ ಇಟ್ಟಿದ್ದ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಕಾಗದಗಳು ಈಜಿಪ್ಟಿನ ಒಂದು ಸಿನಗಾಗಿನಲ್ಲಿ ಸಿಕ್ಕಿದ ಕಥೆಯನ್ನು ಮುಂದಿನ ವಾರ ಹೇಳುತ್ತೇನೆ.